ಎಲ್ಲ ಬೀಗಕ್ಕೂ ಒಂದೇ ಕೀಲಿಕೈಯೇ?

ಕನಸಿನಲ್ಲಿ ನೀವು ಮೆಟ್ಟಿಲು ಹತ್ತುತ್ತಿದ್ದಿರಿ ಎನ್ನಿ. ಅದು ಅದುಮಿಟ್ಟ ಕಾಮದ ಸಂಕೇತ ಎನ್ನುತ್ತಾರೆ ಒಬ್ಬರು. 'ಇಲ್ಲ, ನಿನ್ನೆ ಬೆಟ್ಟ ಹತ್ತಿದ್ದೆ, ಅಷ್ಟೇ' ಎನ್ನುತ್ತೀರಿ. 'ನೀವು ಅಲ್ಲಗಳೆಯುವುದೇ ಅದಕ್ಕೆ ಸಾಕ್ಷಿ' ಎಂಬ ಉತ್ತರ ಬರುತ್ತದೆ. ಇನ್ನು ನೀವು ಏನು ತಾನೇ ಹೇಳಬಲ್ಲಿರಿ?

ಇಂಥ ವಾದವನ್ನು ದಶಕಗಳ ಕಾಲ ಗೇಲಿ ಮಾಡಿದವರು 'ಲೋಲಿಟಾ' ಕಾದಂಬರಿಯ ಕರ್ತೃ ವ್ಲಾದಿಮಿರ್ ನಬೊಕೊವ್. ಅವರು ರಷ್ಯದಲ್ಲಿ ಹುಟ್ಟಿದ್ದು 1899ರಲ್ಲಿ. ಸಿಗ್ಮಂಡ್ ಫ್ರಾಯ್ಡ್ ಅವರು ಕನಸುಗಳನ್ನು ಕುರಿತು ಬರೆದ ಪ್ರಸಿದ್ಧ ಗ್ರಂಥ ಹೊರಬಂದದ್ದೂ ಅದೇ ವರ್ಷ! ಅದುಮಿಟ್ಟ ಆಸೆಗಳು ಕನಸಿನಲ್ಲಿ ವೇಷ ಮರೆಸಿಕೊಂಡು ಬರುತ್ತವೆ ಎಂಬುದು ಫ್ರಾಯ್ಡ್ ವಾದ. ಗಂಡುಮಗು ತಂದೆಯನ್ನು ಪ್ರತಿಸ್ಪರ್ಧಿಯಾಗಿ ಕಾಣುತ್ತದೆ ಎಂದೂ ಅವರು ಹೇಳಿದರು.

ನಬೊಕೊವ್ ಅವರ ತಂದೆ 1922ರಲ್ಲಿ ಬರ್ಲಿನ್‌ನ ಸಭೆಯೊಂದರಲ್ಲಿ ಮತ್ತೊಬ್ಬ ನಾಯಕನನ್ನು ಕಾಪಾಡಲು ಹೋಗಿ ಗುಂಡಿಗೆ ಬಲಿಯಾದರು. ಆ ತಂದೆಯನ್ನು ಕೊನೆಯವರೆಗೂ ಪ್ರೀತಿಯಿಂದ ನೆನೆದ ಮಗನಿಗೆ ಈ ಸಿದ್ಧಸೂತ್ರ ಹೇಗೆ ರುಚಿಸೀತು?

ಇನ್ನೊಂದು ಸಂಗತಿಯಿದೆ. ನಬೊಕೊವ್ ಚಿಟ್ಟೆಗಳ ಸಂಶೋಧಕರೂ ಹೌದು. 1940ರ ದಶಕದಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಸೂಕ್ಷ್ಮದರ್ಶಕದ ಮುಂದೆ ಕುಳಿತು, ನಮ್ಮ ಕಣ್ಣಿಗೆ ಒಂದೇ ಎನಿಸುವ ನೀಲಿ ಚಿಟ್ಟೆಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಸಣ್ಣ ವ್ಯತ್ಯಾಸದಲ್ಲೇ ಸತ್ಯ ಕಂಡವರಿಗೆ, ಎಲ್ಲ ಕನಸನ್ನೂ ಒಂದೇ ಅಚ್ಚಿಗೆ ಹಾಕುವುದು ಸಹಿಸದ ಮಾತು.

ಅಮೆರಿಕದ ಈ ಚಿಟ್ಟೆಗಳ ಪೂರ್ವಜರು ಏಷ್ಯಾದಿಂದ ಅಲೆಅಲೆಯಾಗಿ ಬಂದಿರಬೇಕೆಂದು 1945ರಲ್ಲಿ ಅವರು ಊಹಿಸಿದರು. ಆ ಊಹೆ ತಪ್ಪಾಗುವ ಸಾಧ್ಯತೆ ಇತ್ತು. 2011ರಲ್ಲಿ ಪ್ರಕಟವಾದ ಡಿ.ಎನ್.ಎ. ಅಧ್ಯಯನ ಅದನ್ನು ಎತ್ತಿಹಿಡಿಯಿತು. ತಪ್ಪೆಂದು ತೋರಿಸಲು ದಾರಿಯೇ ಇಲ್ಲದ ಸಿದ್ಧಾಂತ ವಿಜ್ಞಾನವಲ್ಲ ಎಂದ ತತ್ತ್ವಜ್ಞಾನಿ ಕಾರ್ಲ್ ಪಾಪರ್, ಮನೋವಿಶ್ಲೇಷಣೆಯನ್ನು ಆ ಸಾಲಿಗೇ ಸೇರಿಸಿದರು.

ಹಾಗೆಂದು ಗೇಲಿಯೇ ಖಂಡನೆಯಾಗದು. ರೋಗಿಯ ಮಾತನ್ನು ತಾಳ್ಮೆಯಿಂದ ಆಲಿಸುವ ಪದ್ಧತಿಗೆ ಫ್ರಾಯ್ಡ್ ಕೊಡುಗೆ ದೊಡ್ಡದು. ಇಂದಿನ ಮನೋಚಿಕಿತ್ಸೆ ಅವರ ಸೂತ್ರಗಳನ್ನಷ್ಟೇ ನೆಚ್ಚಿಕೊಂಡಿಲ್ಲ. ಮನಸ್ಸು ನೊಂದಾಗ ತಜ್ಞರ ಬಳಿ ಹೋಗಲು ಸಂಕೋಚ ಬೇಡ.

ಆದರೆ ನಿಮ್ಮನ್ನು ನಿಮಗಿಂತ ಚೆನ್ನಾಗಿ ಬಲ್ಲೆನೆನ್ನುವ ಯಾವುದೇ ಸಿದ್ಧಾಂತ ಎದುರಾದಾಗ ಒಂದು ಪ್ರಶ್ನೆ ಕೇಳಿ: 'ಏನು ಕಂಡರೆ ನೀನು ಸೋಲೊಪ್ಪುತ್ತೀಯೆ?' ಉತ್ತರವಿಲ್ಲದಿದ್ದರೆ, ನಿಮ್ಮ ಕನಸಿನ ಮೆಟ್ಟಿಲು ಸದ್ಯಕ್ಕೆ ಮೆಟ್ಟಿಲಾಗಿಯೇ ಇರಲಿ.