ಓಸಿಟಿ ವರದಿ: ಮುಂಬಯಿಯ ಲೆಕ್ಕ ಬೇರೆ, ಊರಿನ ಲೆಕ್ಕ ಬೇರೆ

ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳ ಪೈಕಿ ಉಚಿತ ನೇತ್ರ ತಪಾಸಣಾ ಶಿಬಿರ ನಡೆಸದ ಸಂಘ ಅಪರೂಪ. ಗೋಡೆಯ ಮೇಲಿನ ಅಕ್ಷರ ಓದಿಸಿ, ಪೊರೆ ಬಂದಿದೆಯೇ ಎಂದು ನೋಡಿ, ಬೇಕಾದವರಿಗೆ ಕನ್ನಡಕ ಕೊಡಿಸುವ ಈ ಸೇವೆ ಶ್ಲಾಘನೀಯ. ಆದರೆ ಐವತ್ತು ದಾಟಿದ, ಸಕ್ಕರೆ ಕಾಯಿಲೆ ಇರುವ ನಮ್ಮಂಥವರಿಗೆ ಅಪಾಯ ಕಾದಿರುವುದು ಕಣ್ಣಿನ ಹಿಂಭಾಗದ ಅಕ್ಷಿಪಟಲದಲ್ಲಿ, ಅಂದರೆ ರೆಟಿನಾದಲ್ಲಿ. ಅಲ್ಲಿನ ಸಣ್ಣ ರಕ್ತನಾಳಗಳು ಸೋರಿ ಊತ ಆರಂಭವಾದಾಗ ಕಣ್ಣು ನೋಯುವುದಿಲ್ಲ, ಕೆಂಪಾಗುವುದೂ ಇಲ್ಲ. ಅನೇಕರಿಗೆ ಗೋಡೆಯ ಅಕ್ಷರವೂ ಸರಿಯಾಗಿಯೇ ಕಾಣುತ್ತಿರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10.1 ಕೋಟಿ. ಹಾಗಾಗಿ ಇದು ಮನೆಮನೆಯ ಮಾತು.

ಈ ಊತವನ್ನು ಅಳೆಯುವ ಪರೀಕ್ಷೆಯೇ ಓಸಿಟಿ. ಸೋನೋಗ್ರಫಿಯಲ್ಲಿ ಶಬ್ದ ಮಾಡುವ ಕೆಲಸವನ್ನು ಇಲ್ಲಿ ಬೆಳಕು ಮಾಡುತ್ತದೆ. ಯಂತ್ರದ ಮೇಲೆ ಗಲ್ಲ ಊರಿ, ಒಳಗೆ ಕಾಣುವ ಗುರುತನ್ನು ದಿಟ್ಟಿಸಿ ಕೂತರೆ ಆಯಿತು. ಅಮೆರಿಕದ ಎಂಐಟಿಯಲ್ಲಿ ಜೇಮ್ಸ್ ಫುಜಿಮೊಟೊ, ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್ ಮತ್ತು ಸಂಗಡಿಗರು 1991ರಲ್ಲಿ ಇದನ್ನು ಪ್ರಕಟಿಸಿದರು. ಆ ಮೂವರಿಗೆ 2023ರಲ್ಲಿ ಲಾಸ್ಕರ್ ಪ್ರಶಸ್ತಿಯೂ ದೊರೆಯಿತು. 2002ರ ಸ್ಟ್ರೇಟಸ್ ಯಂತ್ರ ಸೆಕೆಂಡಿಗೆ 400 ಗೆರೆಗಳನ್ನಷ್ಟೇ ಓದುತ್ತಿತ್ತು. ಆರು ಕಡೆ ಸೀಳಿ ನೋಡಿ, ನಡುವಿನ ಜಾಗವನ್ನು ಅಂದಾಜಿನಲ್ಲಿ ತುಂಬುತ್ತಿತ್ತು. ನಂತರ ಬಂದ ಪೀಳಿಗೆಯ ಸಿರಸ್ ಯಂತ್ರ 6 ಮಿಲಿಮೀಟರ್ ಚೌಕದೊಳಗೆ 128 ಸೀಳು, ಪ್ರತಿ ಸೀಳಿನಲ್ಲಿ 512 ಗೆರೆ ಓದುತ್ತದೆ. ಗುಣಿಸಿ ನೋಡಿ, 65,536 ಆಗುತ್ತದೆ. ಅದೂ ಕೆಲವೇ ಸೆಕೆಂಡುಗಳಲ್ಲಿ. ರೆಟಿನಾ ಉದ್ದ, ಅಗಲ, ಆಳ ಮೂರೂ ಸೇರಿ ಒಂದು ಪೆಟ್ಟಿಗೆಯ ಹಾಗೆ ಕೈಗೆ ಸಿಗುತ್ತದೆ.

ಬೆಳಗ್ಗಿನಿಂದ ಸಾಲುಗಟ್ಟಿ ಕೂತ ರೋಗಿಗಳ ನಡುವೆ ಒಬ್ಬೊಬ್ಬರ 128 ಸೀಳುಗಳನ್ನು ಯಾವ ಡಾಕ್ಟರು ತಾನೇ ಒಂದೊಂದಾಗಿ ನೋಡಿಯಾರು? ಆ ಕೆಲಸ ಕಂಪ್ಯೂಟರಿನದು. ಅದು ಪ್ರತಿ ಸೀಳಿನಲ್ಲೂ ರೆಟಿನಾದ ಮೇಲಿನ ಅಂಚಿಗೊಂದು, ಕೆಳಗಿನ ಅಂಚಿಗೊಂದು ಗೆರೆ ಎಳೆದು, ನಡುವಿನ ದಪ್ಪವನ್ನು ಮೈಕ್ರಾನ್‌ಗಳಲ್ಲಿ ಲೆಕ್ಕ ಹಾಕುತ್ತದೆ. ಒಂದು ಮಿಲಿಮೀಟರಿಗೆ 1000 ಮೈಕ್ರಾನ್. ದೃಷ್ಟಿಯ ಕೇಂದ್ರದ 1 ಮಿಲಿಮೀಟರ್ ವೃತ್ತದ ಸರಾಸರಿಯನ್ನು ವರದಿಯಲ್ಲಿ ಮುದ್ರಿಸುತ್ತದೆ. ಮುಂದಿನ ಭೇಟಿಯಲ್ಲಿ ರಕ್ತನಾಳಗಳ ಗುರುತು ಹಿಡಿದು ಅದೇ ಜಾಗವನ್ನು ಹುಡುಕಿ ಹಳೆಯದರೊಂದಿಗೆ ತಾಳೆ ನೋಡುತ್ತದೆ. ಕಣ್ಣಿನೊಳಗೆ ಇಂಜೆಕ್ಷನ್ ಮುಂದುವರಿಸಬೇಕೇ, ನಿಲ್ಲಿಸಬಹುದೇ ಎಂಬ ನಿರ್ಧಾರಕ್ಕೆ ಈ ಅಂಕಿ ದೊಡ್ಡ ಆಧಾರ.

ಒಂದು ರೀತಿಯಲ್ಲಿ ಇದು ಕಣ್ಣಿನ ಪಾಸ್‌ಬುಕ್. ಆದರೆ ಬ್ಯಾಂಕಿನಲ್ಲಿ ರೂಪಾಯಿ ಎಲ್ಲ ಶಾಖೆಯಲ್ಲೂ ರೂಪಾಯಿಯೇ. ಇಲ್ಲಿ ಹಾಗಲ್ಲ. ಸ್ಟ್ರೇಟಸ್ ಕೆಳಗಿನ ಗೆರೆಯನ್ನು ಬೆಳಕು ಹಿಡಿಯುವ ಜೀವಕೋಶಗಳ ಮಧ್ಯದಲ್ಲೇ ಎಳೆಯುತ್ತಿತ್ತು. ಸಿರಸ್ ಅದರ ಕೆಳಗಿನ ವರ್ಣಕ ಪದರಕ್ಕೆ ಇಳಿಯಿತು. ಸ್ಪೆಕ್ಟ್ರಾಲಿಸ್ ಇನ್ನೂ ಕೆಳಗಿನ ಪೊರೆಯವರೆಗೆ ಹೋಗುತ್ತದೆ. ಮುಂಬಯಿಯಲ್ಲಿ ಫ್ಲಾಟ್ ಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಮನೆ ಅದೇ, ಕಾರ್ಪೆಟ್ ಏರಿಯಾ ಬೇರೆ, ಬಿಲ್ಟ್-ಅಪ್ ಬೇರೆ, ಸೂಪರ್ ಬಿಲ್ಟ್-ಅಪ್ ಬೇರೆ! ಅಮೆರಿಕದ ಡಿಆರ್‌ಸಿಆರ್ ಎಂಬ ಸಂಶೋಧನಾ ಜಾಲ ತನ್ನ ಅಧ್ಯಯನಗಳಲ್ಲಿ ಮಧುಮೇಹದ ಊತ ಎಂದು ಪರಿಗಣಿಸಲು ಇಟ್ಟುಕೊಂಡ ಮಿತಿಗಳೇ ಇದನ್ನು ಹೇಳುತ್ತವೆ. ಸ್ಟ್ರೇಟಸ್‌ನಲ್ಲಿ 250 ಮೈಕ್ರಾನ್. ಸಿರಸ್‌ನಲ್ಲಿ ಹೆಂಗಸರಿಗೆ 290, ಗಂಡಸರಿಗೆ 305. ಸ್ಪೆಕ್ಟ್ರಾಲಿಸ್‌ನಲ್ಲಿ 305 ಮತ್ತು 320.

ನಿವೃತ್ತರಾದ ಮೇಲೆ ಆರು ತಿಂಗಳು ಊರು, ಆರು ತಿಂಗಳು ಮಕ್ಕಳ ಮನೆ ಎಂದು ಓಡಾಡುವ ನಮ್ಮವರಿಗೆ ಇದು ಬರೀ ತಾಂತ್ರಿಕ ವಿಷಯವಲ್ಲ. ನಮ್ಮ ಶಾಖೆಯಿಂದ ನಿವೃತ್ತರಾಗಿ ಕುಂದಾಪುರದ ಕಡೆ ನೆಲೆಸಿದ ಹಿರಿಯರೊಬ್ಬರಿಗೆ ಇಲ್ಲಿ ತೆಗೆಸಿದಾಗ 262 ಬಂದದ್ದು, ಊರಿನ ಕಡೆ ಬೇರೆ ಯಂತ್ರದಲ್ಲಿ 284 ಬಂತು. ಊತ ಮರುಕಳಿಸಿತು, ಮತ್ತೆ ಇಂಜೆಕ್ಷನ್ ಎಂದು ಅವರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲವಂತೆ. ಅಲ್ಲಿನ ಡಾಕ್ಟರರು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಎಲ್ಲೂ ನೀರಿಲ್ಲ, ಯಂತ್ರ ಮಾತ್ರ ಬದಲಾಗಿದೆ ಎಂದ ಮೇಲೆ ಸಮಾಧಾನವಾಯಿತು. ಇವರದ್ದು ಬರೀ ಗಾಬರಿ. ಇದು ತಿರುಗುಮುರುಗಾದರೆ ಕಷ್ಟ. ಹೆಚ್ಚು ತೋರಿಸುವ ಯಂತ್ರದಿಂದ ಕಡಿಮೆ ತೋರಿಸುವ ಯಂತ್ರಕ್ಕೆ ಹೋದಾಗ, ಹೆಚ್ಚಿದ ಊತ ಲೆಕ್ಕದಲ್ಲಿ ಇಳಿದಂತೆ ಕಾಣಬಹುದು. ಆಗ ತಪ್ಪಿದ ಇಂಜೆಕ್ಷನ್‌ನ ಬೆಲೆಯನ್ನು ದೃಷ್ಟಿಯಲ್ಲಿ ತೆರಬೇಕಾಗುತ್ತದೆ.

ಕೃತಕ ಬುದ್ಧಿಮತ್ತೆ ಬಂದಿದೆಯಲ್ಲ, ಅದು ಸರಿಮಾಡೀತು ಎನ್ನುವವರಿದ್ದಾರೆ. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆ ಮತ್ತು ಡೀಪ್‌ಮೈಂಡ್ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಓದಬೇಕಾದದ್ದು. 14,884 ಸ್ಕ್ಯಾನ್‌ಗಳಿಂದ ಕಲಿತ ಆ ವ್ಯವಸ್ಥೆಯನ್ನು 997 ರೋಗಿಗಳ ಮೇಲೆ ಪರೀಕ್ಷಿಸಿದಾಗ, ಯಾರನ್ನು ಎಷ್ಟು ತುರ್ತಾಗಿ ನೋಡಬೇಕೆಂಬ ತೀರ್ಮಾನದಲ್ಲಿ ತಪ್ಪಿದ್ದು ನೂರಕ್ಕೆ 5.5 ಮಾತ್ರ. ನುರಿತ ತಜ್ಞರಿಗೆ ಸರಿಸಮ! ಆದರೆ ಅದೇ ವ್ಯವಸ್ಥೆಗೆ ಬೇರೆ ಕಂಪನಿಯ ಯಂತ್ರದ ಸ್ಕ್ಯಾನ್ ಕೊಟ್ಟಾಗ ತಪ್ಪು ನೂರಕ್ಕೆ 46.6ಕ್ಕೆ ಏರಿತು. ಅದರಲ್ಲಿ ಎರಡು ಭಾಗಗಳಿದ್ದವು: ಒಂದು ಪದರಗಳನ್ನು ಗುರುತಿಸುವುದು, ಇನ್ನೊಂದು ಆ ನಕ್ಷೆ ನೋಡಿ ರೋಗ ಹೇಳುವುದು. ಮೊದಲನೆಯದಕ್ಕೆ ಮಾತ್ರ ಹೊಸ ಯಂತ್ರದ ಮಾದರಿಗಳನ್ನು ಕೊಟ್ಟು ಕಲಿಸಿದ ಮೇಲೆ ತಪ್ಪು 3.4ಕ್ಕೆ ಇಳಿಯಿತು. ಒಂದು ಶಾಖೆಯ ಲೆಡ್ಜರ್ ಮಾತ್ರ ಕಂಡ ಹೊಸ ಗುಮಾಸ್ತನನ್ನು ಇನ್ನೊಂದು ಶಾಖೆಗೆ ಕಳಿಸಿದಂತೆ. ಬುದ್ಧಿ ಇದೆ, ಆ ಪುಸ್ತಕದ ರೂಢಿ ಇಲ್ಲ.

ಗ್ಲಾಕೋಮಾ ರೋಗಿಗಳ ವರದಿಯಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳಿರುತ್ತವೆ. ಕೆಂಪು ಎಂದರೆ ಯಂತ್ರದ ನೆನಪಿನಲ್ಲಿರುವ ಅದೇ ವಯಸ್ಸಿನ ಆರೋಗ್ಯವಂತರ ಪೈಕಿ ನೂರಕ್ಕೆ ಒಬ್ಬರಲ್ಲಿ ಮಾತ್ರ ನರದ ಪದರ ಅಷ್ಟು ತೆಳುವಾಗಿರುತ್ತದೆ ಎಂದರ್ಥ. ಆ ಒಬ್ಬರೂ ಆರೋಗ್ಯವಂತರೇ ಎಂಬುದನ್ನು ಗಮನಿಸಬೇಕು. ದಪ್ಪ ಮೈನಸ್ ಕನ್ನಡಕದವರಿಗೆ ರೋಗವಿಲ್ಲದೆಯೂ ಕೆಂಪು ಬರುವುದುಂಟು. ಹಾಗೆಂದು ಹಸಿರು ಕಂಡವರು ತಪಾಸಣೆ ಬಿಡುವಂತಿಲ್ಲ.

ಪೊರೆ ಬಲಿತಿದ್ದರೆ, ಕಣ್ಣು ಒಣಗಿದ್ದರೆ, ಮಧ್ಯೆ ರೆಪ್ಪೆ ಬಡಿದರೆ ಚಿತ್ರ ಮಸುಕಾಗಿ ಕಂಪ್ಯೂಟರಿನ ಗೆರೆ ಅಡ್ಡಾದಿಡ್ಡಿ ಜಿಗಿಯುತ್ತದೆ. ಅಂಕಿ ಮಾತ್ರ ಅಚ್ಚುಕಟ್ಟಾಗಿಯೇ ಮುದ್ರಣವಾಗಿ ಬರುತ್ತದೆ! ಇದಕ್ಕೆಂದೇ ವರದಿಯಲ್ಲಿ ಚಿತ್ರದ ಗುಣಮಟ್ಟದ ಅಂಕವೂ ಇರುತ್ತದೆ. ಸಿರಸ್‌ನಲ್ಲಿ 10ಕ್ಕೆ ಕನಿಷ್ಠ 6 ಇರಬೇಕೆಂಬುದು ಪದ್ಧತಿ. ಕಡಿಮೆ ಇದ್ದರೆ ಇನ್ನೊಮ್ಮೆ ತೆಗೆಯುವಿರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ವರದಿಯಲ್ಲಿ ಯಂತ್ರದ ಹೆಸರಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಕೇಳಿ ಪೆನ್ನಿನಲ್ಲಿ ಬರೆದಿಡಿ. ಸಾಧ್ಯವಾದಷ್ಟೂ ಒಂದೇ ಯಂತ್ರದಲ್ಲಿ ತೆಗೆಸುವುದು ಒಳ್ಳೆಯದು. ಊರಿಗೆ ಹೊರಡುವಾಗ ಕೊನೆಯ ಪುಟ ಒಂದನ್ನೇ ಅಲ್ಲ, ಹಳೆಯ ಬಣ್ಣದ ಪ್ರಿಂಟುಗಳನ್ನೂ, ಕೊಟ್ಟಿದ್ದರೆ ಸಿಡಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಕಪ್ಪು-ಬಿಳುಪು ಜೆರಾಕ್ಸ್‌ನಲ್ಲಿ ಕೆಂಪು, ಹಸಿರು ಎರಡೂ ಒಂದೇ ಬೂದಿ ಬಣ್ಣವಾಗಿ ಕಾಣುತ್ತವೆ.