ಕುಂಡಲ್ ರೋಡ್ ಬಳಿಯ ನೇಗಿಲ ಕಾರ್ಖಾನೆ

ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಚಿತ್ರಕಾರರಾಗಲು ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದವರಿಗೆ ವರ್ಣಾಂಧತೆ ಅಡ್ಡ ಬಂತು. ಬಣ್ಣ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿತರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅಧ್ಯಾಪಕರೂ ಆದರು. ತಮಗೆ ಸಲ್ಲಬೇಕಿದ್ದ ಬಡ್ತಿ ಇನ್ನೊಬ್ಬರ ಪಾಲಾದಾಗ ಕೆಲಸ ಬಿಟ್ಟು ಬೆಳಗಾವಿಗೆ ಮರಳಿದರು. ಅಲ್ಲಿ ಅಣ್ಣನ ಜೊತೆ ಸೇರಿ ನಡೆಸಿದ ಸೈಕಲ್ ಅಂಗಡಿಯೇ 'ಕಿರ್ಲೋಸ್ಕರ್ ಬ್ರದರ್ಸ್' ಸಂಸ್ಥೆಯ ಮೂಲ.

ಅಂಗಡಿಯಿಂದ ಕಾರ್ಖಾನೆಗೆ ಹೊರಳಿದಾಗ ಮೊದಲು ತಯಾರಾದದ್ದು ಮೇವು ಕತ್ತರಿಸುವ ಯಂತ್ರ, ಅದರ ಹಿಂದೆಯೇ ಕಬ್ಬಿಣದ ನೇಗಿಲು. ಮರದ ನೇಗಿಲು ಎರೆಹೊಲದ ಮೇಲ್ಪದರವನ್ನಷ್ಟೇ ಕೆದಕುತ್ತಿತ್ತು. ಕರಿಕೆಯ ಬೇರು ಆಳದಲ್ಲೇ ಉಳಿಯುತ್ತಿತ್ತು. ಕಬ್ಬಿಣದ್ದು ಮಣ್ಣನ್ನು ಆಳದಿಂದ ಮಗುಚಿ ಹಾಕುತ್ತಿತ್ತು. ಆದರೂ ಕೊಳ್ಳುವವರಿರಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ಭಯ ರೈತರಲ್ಲಿತ್ತು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಈ ಎರಡು ವರ್ಷ ಎದೆಗುಂದದೆ ನಿಂತದ್ದೇ ಲಕ್ಷ್ಮಣರಾಯರ ಬದುಕಿನ ಅತಿ ದೊಡ್ಡ ಸಾಧನೆ ಎನ್ನಬೇಕು. ಅಂಗಡಿ ಮುಚ್ಚಿದ್ದರೆ ಮುಂದಿನದೇನೂ ನಡೆಯುತ್ತಿರಲಿಲ್ಲ.

ಅಷ್ಟರಲ್ಲಿ ಬಡಾವಣೆ ವಿಸ್ತರಣೆಗೆಂದು ಬೆಳಗಾವಿಯ ಕಾರ್ಖಾನೆಯ ಜಾಗ ಕೈತಪ್ಪಿತು. ಹುಟ್ಟಿದ ಜಿಲ್ಲೆಯಲ್ಲಿ ನೆಲೆ ತಪ್ಪಿದವರಿಗೆ ಔಂಧ್ ಸಂಸ್ಥಾನದ ಬಾಳಾಸಾಹೇಬ ಪಂತ ಪ್ರತಿನಿಧಿಯವರು 32 ಎಕರೆ ಬರಡು ನೆಲ ಕೊಟ್ಟರು, 10,000 ರೂಪಾಯಿ ಸಾಲವನ್ನೂ ಕೊಟ್ಟರು. ಪಾಪಾಸುಕಳ್ಳಿ ಬೆಳೆದು ಹಾವುಗಳು ತುಂಬಿದ್ದ ಆ ಜಾಗಕ್ಕಿದ್ದ ಒಂದೇ ಅನುಕೂಲವೆಂದರೆ ಪಕ್ಕದಲ್ಲಿದ್ದ ಕುಂಡಲ್ ರೋಡ್ ರೈಲು ನಿಲ್ದಾಣ. ಕಬ್ಬಿಣ, ಕಲ್ಲಿದ್ದಲು ಬರುವುದಕ್ಕೂ ಸಿದ್ಧವಾದ ನೇಗಿಲು ಹೊರಡುವುದಕ್ಕೂ ರೈಲೇ ದಾರಿ. 1910ರಲ್ಲಿ ಕಾರ್ಮಿಕರು ಕುಟುಂಬಸಮೇತ ಬಂದು ಕಳ್ಳಿ ಕಡಿದು ಮನೆ ಕಟ್ಟಿಕೊಂಡರು, ಊರು ಕಿರ್ಲೋಸ್ಕರ್‌ವಾಡಿಯಾಯಿತು. ನಿಲ್ದಾಣವೂ ಮುಂದೆ ಆ ಊರಿನ ಹೆಸರನ್ನೇ ಪಡೆಯಿತು.

ಮೊದಲ ಮಹಾಯುದ್ಧ ವಿದೇಶಿ ನೇಗಿಲಿನ ಆಮದು ತಡೆದಾಗ ಬೇಡಿಕೆ ಏರಿತು, ಕಬ್ಬಿಣ ಮಾತ್ರ ಸಿಗಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು ಕೊಟ್ಟ ಕೋಟೆಯ ಹಳೆಯ ತೋಪುಗಳು ಕುಲುಮೆಗೆ ಬಿದ್ದು ನೇಗಿಲಾದವು.

ಕನ್ನಡ ನಾಡಿಗೆ ಈ ಉದ್ಯಮ ತಿರುಗಿ ಬಂದದ್ದು ತಡವಾಗಿ. 1941ರಲ್ಲಿ ಹರಿಹರದಲ್ಲಿ ಯಂತ್ರೋಪಕರಣಗಳ ಮೈಸೂರು ಕಿರ್ಲೋಸ್ಕರ್, 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರುಗಳ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸ್ಥಾಪನೆಯಾದವು. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು.