ಹಗೇವಿನ ಬಾಯಿ ತೆರೆಯುವವರು ಯಾರು?

ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದಿಂದ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯವರೆಗಿನ ಸೀಮೆಯಲ್ಲಿ ಕೂಡಿಟ್ಟ ಸಂಪತ್ತಿಗೆ ಹೆಸರುಗಳು ಒಂದೆರಡಲ್ಲ: ಹಗೇವು, ಕಣಜ, ಉಗ್ರಾಣ, ಭಂಡಾರ, ಬೊಕ್ಕಸ, ಖಜಾನೆ, ತಿಜೋರಿ, ನಿಧಿ. ನಿಘಂಟು ತೆರೆದರೆ ಇವುಗಳಲ್ಲಿ ಅರ್ಧಕ್ಕರ್ಧ ಪದಗಳು ಒಂದರ ಅರ್ಥವಾಗಿ ಇನ್ನೊಂದು ಬಂದು ಕೂತಿರುತ್ತವೆ. ಆಡುಮಾತು ಅಷ್ಟು ಉದಾರಿಯಲ್ಲ. ಕಾಳಿಗೆ ಕಣಜ, ಹಣಕ್ಕೆ ಖಜಾನೆ, ಹೀಗೆ ಒಳಗಿರುವ ವಸ್ತುವನ್ನು ನೋಡಿ ಹೆಸರಿಟ್ಟಿದ್ದಾರೆ ಎಂದು ಮೊದಲಿಗೆ ಅನಿಸುತ್ತದೆ. ಆದರೆ ಈ ಲೆಕ್ಕ ಬಹಳ ದೂರ ನಡೆಯುವುದಿಲ್ಲ. ಹಗೇವಿನಲ್ಲೂ ಜೋಳವೇ, ಕಣಜದಲ್ಲೂ ಜೋಳವೇ. ಭಂಡಾರದಲ್ಲಿ ಚಿನ್ನವಿರಬಹುದು, ಓಲೆಗರಿಯಿರಬಹುದು, ಅರಿಸಿನವೂ ಇರಬಹುದು. ಕೂಡಿಟ್ಟಿದ್ದನ್ನು ಯಾರು ತೆರೆಯಬೇಕು, ಯಾವಾಗ ತೆರೆಯಬೇಕು ಎಂಬುದರ ಮೇಲೆ ಈ ಹೆಸರುಗಳು ನಿಂತಿವೆ ಎಂಬುದು ನನ್ನ ವಾದ.

ಹಗೇವನ್ನೇ ನೋಡೋಣ. ನೀರು ಜಿನುಗದ ಗಟ್ಟಿ ಗರಸು ನೆಲದಲ್ಲಿ, ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ ಬಿಟ್ಟು, ಒಳಗೆ ಗಡಿಗೆಯಂತೆ ಹೊಟ್ಟೆ ಅಗಲಿಸಿ ತೋಡಿದ ಕುಳಿ ಅದು. ತಳಕ್ಕೂ ಸುತ್ತಲಿಗೂ ಒಣ ಹುಲ್ಲು ಕೊಟ್ಟು, ಜೋಳ ತುಂಬಿ, ಮೇಲೆ ಮತ್ತೆ ಹುಲ್ಲು ಹೊದಿಸಿ, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಕರಗುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳುಗಳು ಬದುಕುವುದಿಲ್ಲ. ಜೋಳ ವರ್ಷಗಟ್ಟಲೆ ಉಳಿಯುವುದು ಇದರಿಂದ. ಮನುಷ್ಯನಿಗೆ ಅಪಾಯವೂ ಇದರಿಂದಲೇ. ತೆರೆದ ಕೂಡಲೇ ಇಳಿದವರು ಉಸಿರುಕಟ್ಟಿ ಸತ್ತದ್ದುಂಟು. ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಒಮ್ಮೆ ತೆರೆದರೆ ಹೊರಗಿನ ಗಾಳಿ ಹೊಕ್ಕು ಕಾಳಿಗೆ ಕೆಡುವ ದಾರಿಯಾಯಿತು, ಆದ್ದರಿಂದ ಇದ್ದಷ್ಟನ್ನೂ ತೆಗೆಯುವುದೇ ಸರಿ. ದಿನದ ರೊಟ್ಟಿಗೆ ಹಗೇವು ತೆರೆಯುವವರಿಲ್ಲ. ಅದು ಬರಗಾಲಕ್ಕೆ, ಇಲ್ಲವೇ ಧಾರಣೆ ಏರಿದ ದಿನಕ್ಕೆ. ದಿನದ ರೊಟ್ಟಿಯದು ಕಣಜದ ಕೆಲಸ. ಬಿದಿರಿನಲ್ಲಿ ಹೆಣೆದು ಸಗಣಿ ಬಳಿದ ಕಣಜ ಮನೆಯೊಳಗೇ ಇರುತ್ತದೆ, ಮೊರ ಹಿಡಿದು ಬಂದ ಹೆಂಗಸು ಯಾರ ಅಪ್ಪಣೆಗೂ ಕಾಯುವುದಿಲ್ಲ. ಉಗ್ರಾಣಕ್ಕೆ ಹೀಗಲ್ಲ, ಅಲ್ಲಿ ಕೇಳಿ ಇಸಿದುಕೊಳ್ಳಬೇಕು. ಮದುವೆ ಮನೆಯಲ್ಲಿ ಉಗ್ರಾಣದ ಕೀಲಿಯನ್ನು ಬಳಗದಲ್ಲೇ ಜಿಗುಟು ಎನಿಸಿಕೊಂಡವರಿಗೆ ಒಪ್ಪಿಸುವುದು ಸುಮ್ಮನೆ ಅಲ್ಲ.

ಇದು ಕಟ್ಟಡದ ವ್ಯತ್ಯಾಸ ಅಷ್ಟೇ, ಒಂದು ನೆಲದೊಳಗೆ ಇನ್ನೊಂದು ನೆಲದ ಮೇಲೆ, ಇದರಲ್ಲಿ ಹಕ್ಕಿನ ಮಾತೆಲ್ಲಿ ಬಂತು ಎಂದು ಕೇಳಬಹುದು. ಹಾಗಾದರೆ ಯಾವ ಕಟ್ಟಡಕ್ಕೂ ಅಂಟಿಕೊಳ್ಳದ ‘ಭಂಡಾರ’ವನ್ನು ಏನು ಮಾಡುವುದು? ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು 1159ರಲ್ಲಿ ಕಟ್ಟಿಸಿದ ಹುಳ್ಳ ಹೊಯ್ಸಳ ನರಸಿಂಹನ ಭಂಡಾರಿ. ಬಸವಣ್ಣನನ್ನು ಬಿಜ್ಜಳನ ಭಂಡಾರಿಯೆಂದೇ ನೆನೆಯುತ್ತೇವೆ. ಅರಸನ ಹಣ ಜಂಗಮರಿಗೆ ಹೋಯಿತೆಂಬ ಚಾಡಿ, ಎಣಿಸಿ ನೋಡಿದರೆ ಒಂದು ಕಾಸೂ ಕಡಿಮೆಯಿರಲಿಲ್ಲ ಎಂಬ ಕಥೆ, ಎರಡೂ ಹುಟ್ಟಿಕೊಂಡದ್ದು ಆ ಹುದ್ದೆಯಿಂದಲೇ. ಭಂಡಾರಿ ತೆರೆಯುವವನು, ಒಡೆಯನಲ್ಲ, ಲೆಕ್ಕ ಕೊಡಬೇಕಾದವನು. ಗ್ರಂಥಭಂಡಾರ, ಖಾದಿ ಭಂಡಾರಗಳಲ್ಲೂ ಇದೇ ಕಟ್ಟಳೆ, ಕಾಯುವವರ ಸ್ವಂತದ್ದು ಅಲ್ಲಿ ಏನೂ ಇಲ್ಲ. ತಿಜೋರಿ ಇದಕ್ಕೆ ಪೂರಾ ಎದುರು: ಕೀಲಿ ಯಾರ ಸೊಂಟದಲ್ಲಿದೆಯೋ ಹಣ ಅವರದು, ಲೆಕ್ಕ ಕೇಳುವವರಿಲ್ಲ. ಹೊಳೆಯಾಚೆಯ ಮೈಲಾರದಲ್ಲಿ, ಈಚೆಯ ದೇವರಗುಡ್ಡದಲ್ಲಿ ಅರಿಸಿನದ ಪುಡಿಗೇ ಭಂಡಾರ ಎನ್ನುತ್ತಾರೆ. ಕೂಡಿಡುವ ಹೆಸರು ಹೊತ್ತ ಈ ಭಂಡಾರ ಎರಚಿ ಮುಗಿಯುತ್ತದೆ, ಅದು ದೇವರ ಸೊತ್ತಾದ್ದರಿಂದ ಎರಚುವವರಿಗೆ ಕಳೆದುಕೊಂಡ ಲೆಕ್ಕವಿಲ್ಲ.

ಶಾಸನಗಳಂತೂ ಈ ವಿಷಯದಲ್ಲಿ ವಕೀಲರಷ್ಟು ಬಿಗಿ. ಭೂದಾನದ ಪತ್ರಗಳಲ್ಲಿ ಬರುವ ಅಷ್ಟಭೋಗಗಳ ಪಟ್ಟಿ ನಿಧಿ, ನಿಕ್ಷೇಪಗಳಿಂದಲೇ ಶುರುವಾಗುತ್ತದೆ. ಎರಡೂ ಹೂಳಿದ್ದೇ ಆದರೂ ಬೇರೆ ಬೇರೆ ಹೆಸರು, ಏಕೆಂದರೆ ಒಂದಕ್ಕೆ ಒಡೆಯ ಯಾರೆಂದು ಗೊತ್ತಿಲ್ಲ, ಇನ್ನೊಂದು ಯಾರೋ ತಿಳಿದೇ ಇಟ್ಟದ್ದು. 1878ರ ನಿಧಿ ಕಾನೂನೂ ಕೇಳಿದ್ದು ಅದೇ ಪ್ರಶ್ನೆ: ನೆಲದಲ್ಲಿ 10 ರೂಪಾಯಿಗೆ ಮೀರಿದ್ದು ಸಿಕ್ಕರೆ ಕಲೆಕ್ಟರನಿಗೆ ತಿಳಿಸಬೇಕು, ಒಡೆಯ ಇದ್ದಾನೆಯೇ ಎಂದು ಅವನು ವಿಚಾರಿಸಬೇಕು. ಗಳಗನಾಥದವರಾಗಿ ಊರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ವೆಂಕಟೇಶ ತಿರಕೋ ಕುಲಕರ್ಣಿ (1869–1942) ‘ಮಾಧವ ಕರುಣಾ ವಿಲಾಸ’ದಲ್ಲಿ ಕಥೆಯಾಗಿಸಿದ ವಿಜಯನಗರದಲ್ಲಿ ಹಗೇವಿನ ನಡಾವಳಿ ಅರಮನೆಗೇ ಏರಿತ್ತು. 1443ರಲ್ಲಿ ಬಂದ ಅಬ್ದುಲ್ ರಜಾಕ್, ಅರಸನ ಕೋಣೆಗಳಲ್ಲಿ ಕುಳಿ ತೋಡಿ ಕರಗಿಸಿದ ಚಿನ್ನವನ್ನು ಒಂದೇ ಗಟ್ಟಿಯಾಗಿ ಎರೆದಿದ್ದರೆಂದು ಬರೆದಿದ್ದಾನೆ. ಸತ್ತ ಅರಸನ ಬೊಕ್ಕಸಕ್ಕೆ ಮುದ್ರೆ ಬೀಳುತ್ತದೆ, ದೊಡ್ಡ ಸಂಕಟ ಬಂದ ಹೊರತು ಮುಂದಿನವನೂ ಅದನ್ನು ತೆರೆಯುವಂತಿಲ್ಲ ಎಂದು ಸುಮಾರು 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್ ಹೇಳುತ್ತಾನೆ. ಜೋಳಕ್ಕೂ ಚಿನ್ನಕ್ಕೂ ಒಂದೇ ನಿಯಮ.

ಹಗೇವನ್ನು ಹೊಗಳುವುದು ಸಿರಿವಂತರನ್ನು ಹೊಗಳಿದಂತೆ ಎಂಬ ಆಕ್ಷೇಪ ಮಾತ್ರ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ಕುಳಿ ತುಂಬುವಷ್ಟು ಜೋಳ ಬೆಳೆಯುವ ಹೊಲ ಎಷ್ಟು ಜನರಿಗಿತ್ತು? ಉಳಿದವರು ಮಳೆಗಾಲದಲ್ಲಿ ಅದೇ ಜೋಳವನ್ನು ಕಡ ತಂದು, ಸುಗ್ಗಿಯಲ್ಲಿ ಹೆಚ್ಚಿಗೆ ಅಳೆದುಕೊಟ್ಟರು. 1876–78ರ ಧಾತು ಈಶ್ವರ ಬರದಂಥ ಹೊತ್ತಿನಲ್ಲಿ ಹಗೇವಿನ ಬಾಯಿ ತೆರೆಯುವುದೂ ತೆರೆಯದಿರುವುದೂ ಊರಿನ ಪ್ರಾಣದ ಪ್ರಶ್ನೆ, ಉತ್ತರ ಮಾತ್ರ ಒಡೆಯನ ಕೈಯಲ್ಲಿ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಪ್ಪಿದಷ್ಟೂ ನನ್ನ ವಾದಕ್ಕೆ ಬಲ ಬರುತ್ತದೆ: ಸಂಪತ್ತು ಎಂದರೆ ಒಳಗಿನ ಜೋಳಕ್ಕಿಂತ ಹೆಚ್ಚಾಗಿ, ತೆರೆಯದೆ ಕಾಯಬಲ್ಲ ತಾಕತ್ತು.

ಆ ತಾಕತ್ತಿನ ಇಂದಿನ ಠಿಕಾಣಿ ಬ್ಯಾಡಗಿ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಆ ಬಣ್ಣವೋ ಬಯಲ ಬಿಸಿಲಿನ ಧಗೆಗೆ ಮಾಸುತ್ತದೆ. ಹಾಗಾಗಿ ಚೀಲಗಳು ಕೋಲ್ಡ್ ಸ್ಟೋರೇಜಿಗೆ ಹೋಗುತ್ತವೆ. ಇದಕ್ಕೆ ‘ಶೀತಲಗೃಹ’ ಎಂಬ ಕನ್ನಡ ಫಲಕದಲ್ಲಿದೆ, ಬಾಯಲ್ಲಿಲ್ಲ. ಹೆಸರು ಯಾವುದಾದರೇನು, ಇಲ್ಲಿ ಬಾಗಿಲು ತೆರೆಸುವುದು ರಸೀದಿ. 2007ರ ಉಗ್ರಾಣ ಕಾಯ್ದೆ ಅಂಥ ರಸೀದಿಯನ್ನೇ ಕೈ ಬದಲಿಸಬಹುದಾದ ಸೊತ್ತಾಗಿಸಿತು. ದಾಸ್ತಾನನ್ನು ಅಡವಿಟ್ಟು ಸಾಲ ಪಡೆಯಬಹುದು, ಧಾರಣೆ ಏರುವವರೆಗೆ ಕಾಯಬಹುದು, ಸಣ್ಣ ರೈತನಿಗೂ ಹಗೇವು ಸಿಕ್ಕಂತಾಯಿತಲ್ಲ ಎನ್ನುವವರಿದ್ದಾರೆ. ಕಾಗದದ ಮೇಲೆ ಈ ಮಾತು ಸರಿ. ಆದರೆ ಒಳಗಿಟ್ಟ ಚೀಲಕ್ಕೆ ಬಾಡಿಗೆ ಏರುತ್ತದೆ, ಸಾಲಕ್ಕೆ ಬಡ್ಡಿ ಏರುತ್ತದೆ, ವಾಯಿದೆ ಮುಗಿದ ದಿನ ಧಾರಣೆ ಎಷ್ಟಿದೆಯೋ ಅಷ್ಟಕ್ಕೇ ಚೀಲ ಹೊರಬರಬೇಕು. ಕಣದಿಂದ ನೇರವಾಗಿ ಮಾರುಕಟ್ಟೆಗೆ ತಂದವರಿಗಂತೂ ಅಷ್ಟು ದಿನವೂ ಇಲ್ಲ. 2024ರ ಮಾರ್ಚ್ 11ರಂದು ಧಾರಣೆ ಕುಸಿದಾಗ ಬ್ಯಾಡಗಿಯ ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದ ಸಿಟ್ಟು, ಮಾಲು ತಮ್ಮದಾಗಿದ್ದರೂ ಮಾರುವ ದಿನ ತಮ್ಮದಲ್ಲದವರ ಸಿಟ್ಟು.